ಕಳಿಸಿಕೊಡುವಷ್ಟು ದೂರ

ಸೇಲಂ
4-2-1996

ಮಾಲತಿ ಅತ್ತಿಗೆಗೆ ಗಂಗಾಲಕ್ಷ್ಮಿಯ ನಮಸ್ಕಾರ.

ನಿಮ್ಮ ಕಾರ್ಡು ನಿನ್ನೆ ತಲುಪಿತು. ಅತ್ತೆಯನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಿದ್ದೇವೆ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇವತ್ತಿನವರೆಗೂ ಕಾಲು ನೆಲಕ್ಕೆ ತಾಗಲು ಬಿಟ್ಟಿಲ್ಲ ಎಂದು ಬರೆದಿದ್ದೀರಿ. ಓದಿ ಡ್ಯೂಟಿ ರೂಮಿನಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತೆ. ನೀವು ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅತ್ತಿಗೆ, ಹೂವನ್ನು ಇಟ್ಟಲ್ಲೇ ಇಟ್ಟರೆ ಸಂಜೆಗೆ ಬಾಡುತ್ತದೆ.

ನನ್ನ ವಾರ್ಡಿನಲ್ಲಿ ಮೂವತ್ತು ಮಂಚ. ಮೂವತ್ತರಲ್ಲೂ ಮೂಳೆ ಮುರಿದವರೇ. ಅಮ್ಮನ ಹಾಗೆ ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಜಾರಿ ಬಿದ್ದು, ಸೊಂಟದ ಕೆಳಗೆ ತೊಡೆಯ ಮೂಳೆ ಮುರಿದು, ಪ್ಲೇಟು ಹಾಕಿಸಿಕೊಂಡ ಎಷ್ಟು ಜನ ಮುದುಕಿಯರನ್ನು ನೋಡಿದ್ದೇನೋ ಲೆಕ್ಕವಿಲ್ಲ. ಬೇಗ ಎದ್ದವರು ನಡೆದುಕೊಂಡು ಮನೆಗೆ ಹೋದರು. ಮಲಗಿಯೇ ಇದ್ದವರಿಗೆ ಮೊದಲು ತೊಡೆ ಬತ್ತಿತು, ಆಮೇಲೆ ಬೆನ್ನು ಹುಣ್ಣಾಯಿತು, ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಮುರಿದ ಮೂಳೆ ಹಿಡಿದಿಡಲು ಪ್ಲೇಟು ಇದೆ. ಮಾಂಸಖಂಡಕ್ಕೆ ಪ್ಲೇಟು ಹಾಕುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಧರ್ಮಪುರಿಯ ಡಾಕ್ಟರು ಮನೆಗೆ ಕಳಿಸುವಾಗ ಕೊಟ್ಟ ಕಾಗದವನ್ನು ಅಣ್ಣ ತೋರಿಸಿದಾಗ ನಾನೂ ಓದಿದ್ದೇನೆ. ಎರಡನೇ ವಾರದಿಂದ ವಾಕರ್ ಹಿಡಿದು ನಿಲ್ಲಿಸಿ ಎಂದು ಬರೆದಿದೆ. ಆಸ್ಪತ್ರೆಯಲ್ಲಿ ಅಮ್ಮ ನಾಲ್ಕು ಹೆಜ್ಜೆ ಇಟ್ಟೂ ಇದ್ದಳು. ಆ ವಾಕರ್ ಈಗ ಎಲ್ಲಿದೆ?

ಇವತ್ತಿನಿಂದಲೇ ಶುರು ಮಾಡಿ. ಮಲಗಿದ್ದಾಗ ಎರಡೂ ಪಾದಗಳನ್ನು ಹೊಲಿಗೆ ಮಿಷನ್ ತುಳಿದ ಹಾಗೆ ಮೇಲೆ ಕೆಳಗೆ ಆಡಿಸಲಿ, ಗಂಟೆಗೆ ಇಪ್ಪತ್ತು ಸಲ. ಮಂಡಿಯ ಕೆಳಗೆ ದಿಂಬು ಇಟ್ಟಿದ್ದರೆ ಈಗಲೇ ತೆಗೆಯಿರಿ. ಹಾಯಾಗಿರುತ್ತದೆ ನಿಜ, ಆದರೆ ಮಂಡಿ ಮಡಿಸಿದ ಹಾಗೇ ಗಟ್ಟಿಯಾದರೆ ಆಮೇಲೆ ನೆಟ್ಟಗೆ ಮಾಡುವುದು ದೊಡ್ಡ ಪಾಡು. ಮೂರು ಹೊತ್ತೂ ಊಟಕ್ಕೆ ಎಬ್ಬಿಸಿ ಕೂರಿಸಿ. ಮಲಗಿದವಳ ಬಾಯಿಗೆ ತುತ್ತು ಇಡಬೇಡಿ.

ಇದೆಲ್ಲ ನಾನು ಹೇಳಿದೆ ಎಂದು ಮಾತ್ರ ಅಮ್ಮನಿಗೆ ಹೇಳಬೇಡಿ. ಡಾಕ್ಟರು ಹೇಳಿದರು ಎನ್ನಿ. ನಾನು ಹೇಳಿದ್ದು ಎಂದರೆ ಕಾಲು ಬಿಡಿ, ಕಣ್ಣೂ ತೆರೆಯುವುದಿಲ್ಲ. ನೀವು ಡೆಂಕಣಿಕೋಟೆ ಕಡೆ ಕನ್ನಡ ಸ್ಕೂಲಿನಲ್ಲಿ ಓದಿದವರು, ನಾನು ಬೆಂಗಳೂರಿನಲ್ಲಿ ನರ್ಸಿಂಗ್ ಕಲಿಯುವಾಗ ಈ ಅಕ್ಷರ ಕಲಿತವಳು. ಆ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವವರು ಮಾತ್ರ ನೀವೊಬ್ಬರೇ. ಹಾಗಾಗಿ ಈ ಕಾಗದ ಎಲ್ಲಿ ಬಿದ್ದಿದ್ದರೂ ಭಯವಿಲ್ಲ.

ನಿಮ್ಮ ನಾದಿನಿ
ಗಂಗಾಲಕ್ಷ್ಮಿ


ನಲ್ಲಂಪಳ್ಳಿ
16-2-1996

ಗಂಗಾಲಕ್ಷ್ಮಿಗೆ,

ನಿನ್ನ ಕಾಗದ ಓದಿ ನಾಚಿಕೆಯಾಯಿತು. ವಾಕರ್ ಎಲ್ಲಿದೆ ಎಂದು ಕೇಳಿದ್ದೀಯ. ಹಿತ್ತಲಲ್ಲಿದೆ. ಅದರ ಮೇಲೆ ಟವೆಲು ಒಣಹಾಕಿದ್ದೇನೆ.

ತಪ್ಪು ನನ್ನೊಬ್ಬಳದೇ ಅಲ್ಲ, ಗಂಗಾ. ಅತ್ತೆಯನ್ನು ನೋಡಲು ಬರುವವರ ಸಾಲು ನಿಂತೇ ಇಲ್ಲ. ಬೆಳಗ್ಗೆ ಒಬ್ಬರು, ಮಧ್ಯಾಹ್ನ ಇಬ್ಬರು, ಸಂಜೆ ಒಂದು ಗುಂಪು. ಒಬ್ಬೊಬ್ಬರ ಕೈಯಲ್ಲೂ ಒಂದು ಬ್ರೆಡ್ಡು, ಆರು ಸಾತುಕುಡಿ ಹಣ್ಣು. ಡಾಕ್ಟರು ಹೇಳಿದರು ಎಂದು ನಾನು ಅತ್ತೆಯನ್ನು ಎಬ್ಬಿಸಿ ಕೂರಿಸಿದರೆ, ಹೊರಗೆ ಚಪ್ಪಲಿ ಬಿಟ್ಟ ಸದ್ದು ಕೇಳಿದ್ದೇ ತಡ, ಅವರೇ ಜಾರಿ ಮಲಗಿ ಕತ್ತಿನವರೆಗೆ ಹೊದ್ದುಕೊಳ್ಳುತ್ತಾರೆ. ಯಾಕೆ ಅತ್ತೆ ಎಂದರೆ, "ಅವ್ರು ಪೆನ್ನಾಗರದಿಂದ ಎರಡು ಬಸ್ಸತ್ತಿ ಬಂದವ್ರೆ. ನಾನು ಎದ್ದು ಕುಂತ್ಕೊಂಡು ನಗ್ತಾ ಇದ್ರೆ, ಅವ್ರು ಯಾರನ್ನ ನೋಡಕ್ಕೆ ಬಂದಂಗಾಯ್ತದೆ?" ಎನ್ನುತ್ತಾರೆ. ಬಂದವರೂ ಹಾಗೇ. ಮಲಗಿದ್ದರೆ ತೃಪ್ತಿಯಿಂದ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಮೊನ್ನೆ ನಿಮ್ಮ ಸೋದರಮಾವ ಚಿನ್ನಸ್ವಾಮಿ ಬಂದಾಗ ಅತ್ತೆ ಹೇಗೋ ಕೂತೇ ಇದ್ದರು. ಅವರ ಮುಖ ಸಪ್ಪಗಾಯಿತು, ಕಾಫಿ ಕುಡಿದು ಬೇಗ ಎದ್ದುಹೋದರು. ಅದರ ಮಾರನೆಯ ದಿನದಿಂದ ಅತ್ತೆ ಏಳುವುದನ್ನೇ ಬಿಟ್ಟಿದ್ದಾರೆ.

ನಿಮ್ಮಣ್ಣ ಶಂಕಗಿರಿಯಲ್ಲಿ ಲಾರಿಗೆ ಲೋಡು ಹತ್ತಿಸಿಕೊಂಡು ಒರಿಸ್ಸಾ ಕಡೆ ಹೋಗಿದ್ದಾರೆ. ಬರಲು ಇನ್ನೂ ಹತ್ತು ದಿನ. ನಾನೊಬ್ಬಳೇ ಅವರನ್ನು ಎತ್ತಿ, ಬೆಡ್‌ಪ್ಯಾನು ಇಟ್ಟು, ಸೀರೆ ಬದಲಿಸಿ, ಈಗ ನನ್ನ ಸೊಂಟವೇ ಹಿಡಿದುಕೊಂಡಿದೆ. ನಿನ್ನೆ ಬೆನ್ನು ಒರೆಸುವಾಗ ಕೆಳಬೆನ್ನಿನಲ್ಲಿ ಒಂದು ರೂಪಾಯಿ ಅಗಲದ ಕೆಂಪು ಗುರುತು ಕಂಡಿತು. ನನಗೆ ಹೆದರಿಕೆಯಾಗಿದೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಸೇಲಂನಿಂದ ಇಲ್ಲಿಗೆ ಎರಡು ಗಂಟೆಯ ಬಸ್ಸು. ಊರಿನವರ ಅಮ್ಮಂದಿರನ್ನೆಲ್ಲ ನಡೆಸುವವಳು ನಿನ್ನ ಅಮ್ಮನಿಗೆ ಕಾಗದ ಯಾಕೆ ಬರೆಯುತ್ತೀಯ? ಬರಬಾರದೇ?

ಮಾಲತಿ


ಸೇಲಂ
19-2-1996

ಮಾಲತಿ ಅತ್ತಿಗೆಗೆ,

ಮೊದಲು ಕೆಂಪು ಗುರುತು. ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸಮಯ ಇದೆ ಎಂದರ್ಥ. ಒತ್ತಿದರೂ ಕೆಂಪಾಗಿಯೇ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಅದನ್ನು ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕಾಲುಗಳ ನಡುವೆ ದಿಂಬು ಇರಲಿ. ನಮ್ಮೂರ ಟೌನ್ ಬಸ್ಸು ಎರಡು ಗಂಟೆಗೊಂದು ಬರುತ್ತದಲ್ಲ, ಅದರ ಹಾರನ್ ಕೇಳಿದಾಗೆಲ್ಲ ಮಗ್ಗುಲು. ಗಡಿಯಾರ ನೋಡುವ ಕೆಲಸವೇ ಇಲ್ಲ.

ಇನ್ನು ನಿಮ್ಮ ಸೊಂಟ. ಅಮ್ಮನನ್ನು ಎತ್ತಬೇಡಿ. ರೋಗಿಯನ್ನು ಎತ್ತುವುದು ನರ್ಸ್ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ, ರೋಗಿ ತಾನೇ ಏಳುವ ಹಾಗೆ ಮಾಡುವುದು ನರ್ಸ್ ಕೆಲಸ. ಮೊದಲು ಮಗ್ಗುಲಿಗೆ ತಿರುಗಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಅವಳು ಮೊಣಕೈ ಊರಿ ಮೇಲೇಳಲಿ. ಒಂದು ನಿಮಿಷ ಕೂರಲಿ, ತಲೆ ಸುತ್ತು ನಿಲ್ಲಲಿ. ಅಣ್ಣನ ದಪ್ಪ ಟವೆಲನ್ನು ಅವಳ ಸೊಂಟಕ್ಕೆ ಬಿಗಿಯಾಗಿ ಕಟ್ಟಿ ಅದನ್ನು ಹಿಡಿದುಕೊಳ್ಳಿ, ತೋಳು ಹಿಡಿದು ಎಳೆಯಬೇಡಿ. ನೀವು ಬಗ್ಗುವಾಗ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ. ಇದು ಪುಸ್ತಕದ ಮಾತಲ್ಲ. ಎಂಬತ್ತೊಂಬತ್ತರಲ್ಲಿ ಒಬ್ಬ ಲಾರಿ ಡ್ರೈವರನ್ನು ಒಬ್ಬಳೇ ಎತ್ತಲು ಹೋಗಿ ನನ್ನ ಸೊಂಟ ಹೋಯಿತು. ಇಪ್ಪತ್ತು ದಿನ ಹಾಸ್ಟೆಲಿನಲ್ಲಿ ಅಂಗಾತ ಮಲಗಿದ್ದೆ. ಮನೆಗೆ ಹೇಳಲಿಲ್ಲ. ಹೇಳಿದ್ದರೆ ಅಮ್ಮ, ನಾನು ಆಗಲೇ ಹೇಳಿರಲಿಲ್ಲವಾ ಎನ್ನುತ್ತಿದ್ದಳು.

ಯಾಕೆ ಬರುವುದಿಲ್ಲ ಎಂದು ಕೇಳಿದ್ದೀರಿ. ನೀವು ಆ ಮನೆಗೆ ಬರುವ ಮುಂಚಿನ ಮಾತು, ಹೇಳುತ್ತೇನೆ. ನಮ್ಮನೆಗೆ ಬಂದವರನ್ನು ಅಮ್ಮ ಯಾವತ್ತೂ ಬಾಗಿಲಲ್ಲೇ ಬೀಳ್ಕೊಟ್ಟವಳಲ್ಲ. ಬಳೆಗಾರ ಬಂದರೂ ಬೀದಿ ತಿರುವಿನವರೆಗೆ ಹೋಗುತ್ತಿದ್ದಳು, ನೆಂಟರಾದರೆ ಹುಣಸೆಮರದ ಸ್ಟಾಪಿನವರೆಗೆ ಹೋಗಿ ಬಸ್ಸು ಹತ್ತಿಸಿ, ಬಸ್ಸು ತಿರುವು ದಾಟಿದ ಮೇಲೇ ವಾಪಸ್ಸು. ಊರಿಗೆಲ್ಲ ಅದು ಗೊತ್ತು. ಎಂಬತ್ತೆರಡರಲ್ಲಿ ನಾನು ನರ್ಸಿಂಗ್ ಕಲಿಯಲು ಟ್ರಂಕು ಹೊತ್ತು ಹೊರಟ ದಿನ ಅಮ್ಮ ಬರಲಿಲ್ಲ. "ಕಂಡೋರ ಮೈ ತೊಳ್ಯಕ್ಕೆ ಓಗೋಳ್ನ ನಾನು ಕಳಿಸ್ಕೊಡಲ್ಲ" ಎಂದು ಕೊಟ್ಟಿಗೆಗೆ ಹೋದಳು. ಹುಣಸೆಮರದ ಕೆಳಗೆ ಒಬ್ಬಳೇ ನಿಂತಿದ್ದೆ. ಆಮೇಲೂ ಹಬ್ಬಕ್ಕೆ, ಮದುವೆಗೆ ಬಂದಿದ್ದೇನೆ. ಮುದ್ದೆ ಹಾಕುತ್ತಾಳೆ, ಮಾತಾಡುತ್ತಾಳೆ. ಹೊರಡುವ ಹೊತ್ತಿಗೆ ಮಾತ್ರ ಪ್ರತಿ ಸಲ ಅವಳಿಗೆ ಕೊಟ್ಟಿಗೆಯಲ್ಲಿ ಕೆಲಸ ಬೀಳುತ್ತದೆ. ಆಪರೇಷನ್ ದಿನ ಆಸ್ಪತ್ರೆಗೆ ಬಂದಾಗ ಗೋಡೆ ಕಡೆ ತಿರುಗಿ ಮಲಗಿದಳು.

ಇದನ್ನು ಬರೆಯುತ್ತಿರುವಾಗಲೇ ನನಗೆ ಉಪಾಯ ಹೊಳೆಯಿತು, ಅತ್ತಿಗೆ. ನೋಡಲು ಬಂದವರ ಎದುರಿಗೆ ಮಲಗಬೇಕು ಎನ್ನುವುದು ಅಮ್ಮನ ಮರ್ಯಾದೆ ತಾನೆ? ಮಲಗಲಿ, ತಡೆಯಬೇಡಿ. ಆದರೆ ಬಂದವರನ್ನು ಕಳಿಸಿಕೊಡುವುದು ಅದಕ್ಕಿಂತ ಹಳೆಯ ಮರ್ಯಾದೆ. ಅವರು ಎದ್ದು ಹೊರಟಾಗ ಕಳಿಸಿಕೊಡುವವರೇ ಇಲ್ಲವಲ್ಲ ಎಂದು ನೀವು ಸ್ವಲ್ಪ ಗಟ್ಟಿಯಾಗಿ ಮರುಗಿ ನೋಡಿ. ವಾಕರ್ ಮೇಲಿನ ಟವೆಲು ತೆಗೆದು ಸಿದ್ಧವಾಗಿಟ್ಟುಕೊಳ್ಳಿ. ನನಗೆ ಅಮ್ಮ ಗೊತ್ತು. ಇದು ನಡೆದೇ ನಡೆಯುತ್ತದೆ.

ಗಂಗಾ


ನಲ್ಲಂಪಳ್ಳಿ
12-3-1996

ಗಂಗಾಲಕ್ಷ್ಮಿಗೆ,

ಕೆಂಪು ಗುರುತು ಹೋಯಿತು. ಆ ಸುದ್ದಿ ಮೊದಲು ಹೇಳಿ, ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ಓಮಲೂರಿನಿಂದ ರಾಮಕ್ಕ ಬಂದಿದ್ದರು. ಅತ್ತೆ ಪದ್ಧತಿಯ ಪ್ರಕಾರ ಹೊದ್ದು ಮಲಗಿದರು, ರಾಮಕ್ಕ ಪದ್ಧತಿಯ ಪ್ರಕಾರ ಅತ್ತರು. ಕಾಫಿಯಾಯಿತು. ರಾಮಕ್ಕ ಚೀಲ ಹಿಡಿದು ಎದ್ದಾಗ ನಾನು, ನೀವು ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದೆ. ಪಾಪ ರಾಮಕ್ಕ ಒಬ್ಬರೇ ಹೋಗುತ್ತಿದ್ದಾರೆ, ಒಲೆಯ ಮೇಲೆ ಹಾಲಿದೆ, ನಾನೂ ಬರಲಾರೆ, ನಮ್ಮನೆಯಲ್ಲಿ ಈಗ ಕಳಿಸಿಕೊಡುವವರೇ ಇಲ್ಲದ ಹಾಗಾಯಿತು ಎಂದೆ. ನೀವು ಎಂದು ಬರೆದುಬಿಟ್ಟೆ ನೋಡು, ಮೇಷ್ಟರಿಗೆ ಬರೆದ ಹಾಗೆ.

ಅತ್ತೆ ಹೊದಿಕೆ ಸರಿಸಿದರು. "ಈ ನಾರಾಯಣಮ್ಮನ ಮನೆಯಿಂದ ಯಾರೂ ಒಬ್ರೇ ಓಗಿಲ್ಲ. ಅದೇನೋ ಕಬ್ಬಿಣದ್ದು ಐತಲ್ಲ, ಅದನ್ನ ತಗೊಂಡ್ ಬಾ" ಎಂದರು. ನಾನು ಹಾಲಿನ ಕಡೆ ಓಡದೆ ಹಿತ್ತಲಿಗೆ ಓಡಿದೆ. ಟವೆಲು ಕಟ್ಟಿ, ಮಗ್ಗುಲು ತಿರುಗಿಸಿ, ಕಾಲು ಇಳಿಸಿ, ಒಂದು ನಿಮಿಷ ಕಾದು, ನೀನು ಬರೆದ ಹಾಗೇ ಮಾಡಿದೆ. ಮಂಚದಿಂದ ಹೊಸಿಲಿಗೆ ಹನ್ನೊಂದು ಹೆಜ್ಜೆ. ಹೊಸಿಲು ತಲುಪುವ ಹೊತ್ತಿಗೆ ಅತ್ತೆ ಬೆವರಿ ನೀರಾಗಿದ್ದರು. ಹೋಗಿ ಬಾ ಎಂದು ಕೈ ಎತ್ತಿದರು. ರಾಮಕ್ಕನಿಗೆ ಮಲಗಿದ್ದಾಗ ಬರದಷ್ಟು ಅಳು ಆಗ ಬಂತು. ಹಾಲು ಉಕ್ಕಿ ಒಲೆಯೆಲ್ಲ ಆಯಿತು, ಆಗಲಿ ಬಿಡು.

ಅವತ್ತಿನಿಂದ ಬಂದವರೆಲ್ಲ ನಿನ್ನ ಕೆಲಸ ಮಾಡುತ್ತಿದ್ದಾರೆ. ಪಾಪಮ್ಮನನ್ನು ಜಗಲಿಯವರೆಗೆ ಕಳಿಸಿಕೊಟ್ಟರು. ಜಗಲಿ ಇಳಿಯಲು ಮೂರು ದಿನ ಹಿಡಿಯಿತು. ದೊಡ್ಡಕ್ಕನನ್ನು ಅಂಗಳದ ಬೇವಿನ ಮರದವರೆಗೆ. ಚಿನ್ನಸ್ವಾಮಿ ಮಾವ ಎರಡನೇ ಸಲ ಬಂದರು, ಅತ್ತೆಯ ಜೊತೆ ಅತ್ತೆಯ ಹೆಜ್ಜೆಯಲ್ಲೇ ನಡೆದು ಬಸ್ಸು ತಪ್ಪಿಸಿಕೊಂಡು, ಮತ್ತೆ ಒಳಗೆ ಬಂದು ಊಟ ಮಾಡಿ ಹೊರಟಾಗ ಅತ್ತೆ ಮತ್ತೆ ಎದ್ದರು. ಒಂದೇ ದಿನ ಎರಡು ಸಲ.

ಸಂಜೆ ಹೊತ್ತಿಗೆ ಪಾದ ಊದುತ್ತದೆ, ತೊಡೆ ನೋಯುತ್ತದೆ. ಬಿಡಬೇಕಾ, ಮುಂದುವರಿಸಬೇಕಾ? ನಿನ್ನ ಮಾತಿನಂತೆ ನನ್ನ ಸೊಂಟವೂ ಈಗ ಸರಿಯಾಗಿದೆ.

ಮಾಲತಿ


ಸೇಲಂ
17-3-1996

ಅತ್ತಿಗೆಗೆ,

ಮುಂದುವರಿಸಿ. ಕೆಲಸ ಮಾಡದೆ ಬಿದ್ದಿದ್ದ ಖಂಡ ಕೆಲಸ ಮಾಡಿದರೆ ನೋಯುತ್ತದೆ, ಮಾರನೆಯ ಬೆಳಗ್ಗೆ ಇಳಿಯುತ್ತದೆ. ಆ ನೋವಿಗೆ ಹೆದರಬೇಡಿ. ಪಾದ ಊದಿದರೆ ಮಲಗಿಸಿ, ಹಿಮ್ಮಡಿಯಿಂದ ಮೇಲಕ್ಕೆ ಇಡೀ ಕಾಲನ್ನು ಎತ್ತರದಲ್ಲಿಡಿ. ಒಂದೇ ಮೀನಖಂಡ ಬಿಸಿಯಾಗಿ ಊದಿ, ಮುಟ್ಟಿದರೆ ನೋಯುವ ಹಾಗಿದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಮುಂದಿನ ತಿಂಗಳು ಎಕ್ಸ್‌ರೇ ನೋಡಿ ಅವರು ವಾಕರ್ ಬಿಡಿಸಿ ಕೋಲು ಕೊಡುತ್ತಾರೆ. ಮುರಿದದ್ದು ಎಡಗಾಲು, ಹಾಗಾಗಿ ಕೋಲು ಬಲಗೈಯಲ್ಲಿ. ಎಲ್ಲರೂ ಇಲ್ಲೇ ತಪ್ಪುತ್ತಾರೆ.

ಹನ್ನೊಂದು ಹೆಜ್ಜೆ ಎಂದು ಬರೆದದ್ದನ್ನು ಡ್ಯೂಟಿ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನನ್ನಮ್ಮ ಎಂದು ಹೇಳಿಕೊಂಡೆ. ತುಂಬ ಸಂತೋಷವಾಯಿತು.

ಗಂಗಾ


ನಲ್ಲಂಪಳ್ಳಿ
15-4-1996

ಗಂಗಾಲಕ್ಷ್ಮಿಗೆ,

ಕೋಲು ಬಂದಿದೆ. ಬಲಗೈಯಲ್ಲೇ ಇದೆ. ಆದರೆ ಈಗ ಬೇರೊಂದು ತೊಂದರೆ ಶುರುವಾಗಿದೆ, ನಗಬೇಡ. ನೋಡಲು ಬರುವವರು ಮುಗಿದುಹೋದರು.

ಯುಗಾದಿ ಆದ ಮೇಲೆ ಒಬ್ಬರೂ ಇಲ್ಲ. ಎಲ್ಲರೂ ಒಂದೊಂದು ಸಲ ಬಂದಾಯಿತು, ಕೆಲವರು ಎರಡು ಸಲ. ನಾರಾಯಣಮ್ಮ ಓಡಾಡುತ್ತಿದ್ದಾಳಂತೆ ಎಂದು ಸುದ್ದಿ ಹೋದ ಮೇಲೆ ಯಾರು ಯಾಕೆ ಬರುತ್ತಾರೆ? ಅತ್ತೆ ಬೇವಿನ ಮರದವರೆಗೆ ನಡೆದವರು ಅಲ್ಲಿಗೇ ನಿಂತಿದ್ದಾರೆ. ಸುಮ್ಮನೆ ಬೀದಿಯ ತುದಿಯವರೆಗೆ ಹೋಗಿ ಬರೋಣ ಎಂದರೆ, "ಯಾರೂ ಇಲ್ದೆ ಬೀದೀಲಿ ಕೋಲೂರ್ಕೊಂಡು ನಡ್ಯಕ್ಕೆ ನನ್ಗೇನು ಉಚ್ಚು ಇಡ್ದೈತಾ?" ಎನ್ನುತ್ತಾರೆ. ಎರಡು ವಾರದಿಂದ ಮತ್ತೆ ಮಂಚದ ಮೇಲೇ ಹೆಚ್ಚು ಹೊತ್ತು. ಮಂಡಿ ಬಿಗಿಯುತ್ತಿದೆ ಎಂದು ಅವರೇ ಹೇಳುತ್ತಾರೆ. ಡಾಕ್ಟರು, ಈ ಎರಡು ತಿಂಗಳಲ್ಲಿ ನಡೆದಷ್ಟೇ ಮುಂದಕ್ಕೆ ಉಳಿಯುವುದು ಎಂದರು.

ನಿನ್ನೆ ಕೂತು ನೆಂಟರನ್ನೆಲ್ಲ ನೆನಪಿಸಿಕೊಂಡೆ, ಯಾರು ಬಂದಿಲ್ಲ, ಯಾರಿಗೆ ಹೇಳಿ ಕಳಿಸಬಹುದು ಎಂದು. ಇನ್ನೂ ಈ ಮನೆಗೆ ಬರದೆ ಉಳಿದವಳು ಒಬ್ಬಳೇ.

ಮಾಲತಿ


ಸೇಲಂ
20-4-1996

ಅತ್ತಿಗೆಗೆ,

ಬರುವುದು ಕಷ್ಟವಲ್ಲ. ಹೊರಡುವುದು ಕಷ್ಟ.

ಇಷ್ಟು ದಿನ ಅಮ್ಮನನ್ನು ನಡೆಸುವುದು ನನ್ನಿಂದ ಆಗುತ್ತದೆ ಎಂದು ಒಂದು ಚೂರೂ ಅನುಮಾನವಿಲ್ಲದೆ ಬರೆದೆ. ಈಗ ಒಂದು ವಿಷಯಕ್ಕೆ ಹೆದರಿಕೆಯಾಗುತ್ತಿದೆ. ಅವಳಿಗೆ ಕಾಲಿಲ್ಲದಿದ್ದಾಗ ಅವಳು ನನ್ನನ್ನು ಕಳಿಸಿಕೊಡಲು ಬರದಿದ್ದರೆ ಅದಕ್ಕೆ ಒಂದು ಕಾರಣ ಇರುತ್ತಿತ್ತು. ಈಗ ಕಾಲನ್ನು ನಾವೇ ಕೊಟ್ಟಿದ್ದೇವೆ. ಊರವರನ್ನೆಲ್ಲ ಕಳಿಸಿಕೊಟ್ಟ ಕಾಲು, ನಾನು ಹೊರಟಾಗ ಮತ್ತೆ ಕೊಟ್ಟಿಗೆಗೆ ಹೋದರೆ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಬೇರೆ ಯಾರಾದರೂ ನೆಂಟರನ್ನು ಹುಡುಕಿ.

ಗಂಗಾ


ನಲ್ಲಂಪಳ್ಳಿ
29-4-1996

ಗಂಗಾಲಕ್ಷ್ಮಿಗೆ,

ಇದು ನನ್ನ ಕಾಗದವಲ್ಲ. ಅತ್ತೆ ಎದುರಿಗೆ ಕೂತು ಹೇಳುತ್ತಿದ್ದಾರೆ, ಒಂದು ಮಾತೂ ತಿದ್ದಬೇಡ ಎಂದಿದ್ದಾರೆ.

ಗಂಗಾ, ನಿಮ್ಮಮ್ಮ ಏಳಿ ಬರ್ಸಿದ್ದು. ಮಾಲತಿ ಕಾಗ್ದ ಬಂದಾಗೆಲ್ಲ ಹಿತ್ತಲಿಗೆ ಓಗಿ ಓದ್ಕೊಂಡು ಬಂದು, ಡಾಕ್ಟ್ರು ಏಳಿದ್ರು ಅಂತಾಳೆ. ಧರ್ಮಪುರಿ ಡಾಕ್ಟ್ರು ನಂಗೆ ಪೋಸ್ಟಲ್ಲಿ ವೈದ್ಯ ಮಾಡ್ತಾರಾ? ಎರಡನೇ ಕಾಗ್ದಕ್ಕೇ ನಂಗೆ ಗೊತ್ತಾಯ್ತು. ಟವಲ್ಲು ಕಟ್ಟಿ ಇಡ್ಕೊಳೋದು ಆ ಆಸ್ಪತ್ರೇಲಿ ನರ್ಸಮ್ಮನೂ ಮಾಡ್ತಿದ್ಲು. ನಿಂದೇ ಅಂತ ಗೊತ್ತಿದ್ದೇ ನಡ್ದೆ. ಮೊನ್ನೆ ಮಾಲತೀನ ಕುಂಡ್ರಿಸಿ ನಿನ್ನ ಕಾಗ್ದ ಎಲ್ಲಾ ಓದ್ಸಿ ಕೇಳ್ದೆ.

ಆ ನರ್ಸಮ್ಮ ಮಲೆಯಾಳದ ಉಡ್ಗಿ. ಇಪ್ಪತ್ತು ವರ್ಸ ಇರ್ಬೋದು. ನನ್ ಮೈ ತೊಳುದ್ಲು, ಎಲ್ಲಾ ಮಾಡಿದ್ಲು, ಮುಖ ಸಿಂಡ್ರಿಸಲಿಲ್ಲ. ನಿಮ್ಮಮ್ಮ ನಿನ್ನ ಬಸ್ಸಿನ ತಂಕ ಬಂದು ಕಳಿಸ್ಕೊಟ್ಲಾ ಅಂತ ಕೇಳ್ಬೇಕು ಅನ್ನಿಸ್ತು. ಅವ್ಳ ಮಾತು ನಂಗೆ ಬರಲ್ಲ. ಬಂದಿದ್ರೂ ಯಾವ ಮುಖ ಇಟ್ಕೊಂಡು ಕೇಳ್ಲಿ? ನೀನು ಬಂದ ದಿನ ಗೋಡೆ ಕಡೆ ತಿರುಗಿದ್ದು ಕೋಪಕ್ಕಲ್ಲ.

ನಿನ್ನ ಸೊಂಟ ಎಂಗೈತೆ? ಇಪ್ಪತ್ತು ದಿನ ಮಲಗಿದ್ಯಂತೆ. ನಾನು ಬೈತಿದ್ದೆ, ದಿಟ. ಬೈಕೊಂಡೇ ಬರ್ತಿದ್ದೆ.

ಬಂದು ನೋಡ್ಕೊಂಡು ಓಗು. ಬ್ರೆಡ್ಡು ತರ್ಬೇಡ, ಸಾಕಾಗೋಗೈತೆ.

ನಿಮ್ಮಮ್ಮ
ನಾರಾಯಣಮ್ಮ


ಸೇಲಂ
13-5-1996

ಅಮ್ಮನಿಗೆ ಗಂಗಾ ಮಾಡುವ ನಮಸ್ಕಾರ.

ಇದು ನಿನಗೇ ಬರೆಯುತ್ತಿರುವ ಮೊದಲ ಕಾಗದ. ಅತ್ತಿಗೆ ಹಿತ್ತಲಿಗೆ ಹೋಗದೆ ನಿನ್ನ ಎದುರಿಗೇ ಓದಲಿ.

ನಾನು ನಿನ್ನೆ ರಾತ್ರಿ ಸುಖವಾಗಿ ತಲುಪಿದೆ. ನಿನ್ನ ಎದುರಿಗೆ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ನಿನ್ನೆ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡಾಗ, ಹದಿನಾಲ್ಕು ವರ್ಷದ ಅಭ್ಯಾಸ, ಕಣ್ಣು ತಾನಾಗಿ ಕೊಟ್ಟಿಗೆಯ ಕಡೆ ಹೋಯಿತು. ಅಲ್ಲಿ ಹಸು ಮಾತ್ರ ಇತ್ತು. ನೀನು ಜಗಲಿಯ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

ಬೇವಿನ ಮರದ ಹತ್ತಿರ ನಿಲ್ಲುತ್ತೀಯ ಅಂದುಕೊಂಡೆ. ನಿಲ್ಲಲಿಲ್ಲ. ನಾನು ನಿನ್ನ ಸೊಂಟದ ಟವೆಲು ಹಿಡಿಯಲು ಕೈ ಚಾಚಿದಾಗ ನೀನು ಬೇಡ ಎಂದೆ. ನಾನು ಹೆಜ್ಜೆ ಎಣಿಸಿದೆ, ಕೆಲಸದ ಅಭ್ಯಾಸ. ಬಾಗಿಲಿನಿಂದ ಹುಣಸೆಮರಕ್ಕೆ ಇನ್ನೂರ ಹನ್ನೆರಡು. ನೀನು ಬಾವಿಕಟ್ಟೆಯ ಹತ್ತಿರ ಒಂದು ಸಲ ಕೂತೆ, ಅಷ್ಟೇ. ಮೊದಲ ಬಸ್ಸು ಬಂದಾಗ ಮುಂದಿನದರಲ್ಲಿ ಹೋಗು ಎಂದು ನೀನೇ ತಡೆದೆ. ಎರಡು ಗಂಟೆ ಮರದ ಬುಡದಲ್ಲೇ ಕೂತಿದ್ದು, ಎರಡನೆಯದಕ್ಕೂ ಹಾಗೇ ಅಂದೆ. ಮೂರನೆಯದರಲ್ಲಿ ಕಂಡಕ್ಟರು ಬೇಗ ಹತ್ತಿ ಎಂದು ತಮಿಳಿನಲ್ಲಿ ರೇಗಿದಾಗ, ನೀನು ಬಸ್ಸಿನ ಮೆಟ್ಟಿಲಿಗೆ ಕೋಲು ಅಡ್ಡ ಹಿಡಿದು ಅವನಿಗೆ ಹೇಳಿದೆಯಲ್ಲ, "ಇರಪ್ಪಾ. ಎನ್ ಪೊಣ್ಣು. ಸೇಲತ್ತುಲ ನರ್ಸು."

ಇಡೀ ಬಸ್ಸು ಕೇಳಿಸಿಕೊಂಡಿತು. ನನ್ನ ಮಗಳು, ನರ್ಸು ಎಂದು ನಿನ್ನ ಬಾಯಲ್ಲಿ ಕೇಳಲು ನಾನು ಹದಿನಾಲ್ಕು ವರ್ಷ ಕಾದಿದ್ದೆ ಅಮ್ಮ. ಯಾವ ಭಾಷೆಯಲ್ಲಾದರೇನು.

ಹಿಂದಿನ ಸೀಟಿನ ಕಿಟಕಿಯಿಂದ ನೋಡುತ್ತಿದ್ದೆ. ಬಸ್ಸು ತಿರುವು ದಾಟುವವರೆಗೂ ನೀನು ಮರದ ಕೆಳಗೆ ಕೈ ಎತ್ತಿಕೊಂಡೇ ನಿಂತಿದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಟ್ರಂಕು ಇಟ್ಟುಕೊಂಡು ನಿಂತು ಮನೆಯ ಕಡೆ ತಿರುತಿರುಗಿ ನೋಡಿದ ಜಾಗ ಅದೇ.

ನೀನು ನಿಂತ ರೀತಿ, ಭಾರ ಹಾಕಿದ ರೀತಿ ನೋಡಿ ನನ್ನ ರೋಗಿಗಳಿಗೆ ಹೇಳುವ ಹಾಗೆ ನಿನಗೂ ಒಂದೆರಡು ತಪ್ಪು ಹೇಳಬೇಕು ಅಂದುಕೊಂಡಿದ್ದೆ. ಆದರೆ ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ಎಡಗಾಲು ಸರಿಯಾಗಿ ಊರುತ್ತಿದೆಯಾ ಎಂದು ಅತ್ತಿಗೆ ನೋಡಿ ಬರೆಯಲಿ.

ನಿನ್ನ ಮಗಳು
ಗಂಗಾಲಕ್ಷ್ಮಿ